ಅಟಕಾಮಾ ಮರುಭೂಮಿಯ ಅಯೋಡಿನ್: ಸ್ಥಾವರವೊಂದು ಚಾಲನೆಗೊಳ್ಳುವ ಬಗೆ

ನಮ್ಮ ಕುಟುಂಬಗಳ ಎಷ್ಟೋ ಮಂದಿ ಯುವಕರು ಕೊಲ್ಲಿ ರಾಷ್ಟ್ರಗಳಲ್ಲಿಯೂ ಅವುಗಳಾಚೆಗಿನ ದೇಶಗಳಲ್ಲಿಯೂ ತೈಲ, ಅನಿಲ, ಖನಿಜಗಳ ಸಂಸ್ಕರಣಾ ಸ್ಥಾವರಗಳಲ್ಲಿ ದುಡಿಯುತ್ತಿದ್ದಾರೆ. ಮೊಂತಿ ಹಬ್ಬಕ್ಕಾಗಲಿ ಕ್ರಿಸ್ಮಸ್ಸಿಗಾಗಲಿ ಮಗನೇಕೆ ಊರಿಗೆ ಬರಲಿಲ್ಲವೆಂದು ವಿಚಾರಿಸಿದರೆ, "ಅಲ್ಲಿ ಕಮಿಷನಿಂಗ್ ಉಂಟಂತೆ ಫಾದರ್, ರಜೆ ಸಿಗುವುದಿಲ್ಲವಂತೆ" ಎಂಬ ಉತ್ತರ ತಾಯಂದಿರ ಬಾಯಿಂದ ಬರುತ್ತದೆ. ಆ ಪದದ ಅರ್ಥವನ್ನು ಅವರು ಕೇಳಿಲ್ಲ. ಕೇಳಿದ್ದರೂ ದೂರವಾಣಿಯಲ್ಲಿ ವಿವರಿಸುವಷ್ಟು ವ್ಯವಧಾನ ಮಗನಿಗಿಲ್ಲ. ಕಾರ್ಖಾನೆಯ ಕಾರ್ಯಾರಂಭವೆಂದರೆ ಗಣ್ಯರೊಬ್ಬರು ಬಂದು ರಿಬ್ಬನ್ ಕತ್ತರಿಸಿ, ಗುಂಡಿಯೊಂದನ್ನು ಒತ್ತಿ, ಭಾಷಣ ಮಾಡಿ ತೆರಳುವುದು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುವ, ಜೀವಾಪಾಯವನ್ನೂ ಒಳಗೊಂಡ ಒಂದು ಪರೀಕ್ಷಾ ಕಾಲ. ಈ ವಾರ ಅದನ್ನು ಒಂದು ನಿದರ್ಶನದ ಮೂಲಕ ಅರಿಯಲೆತ್ನಿಸೋಣ. ನಿದರ್ಶನಕ್ಕೆ ನಾವು ಆರಿಸಿಕೊಂಡಿರುವುದು ದಕ್ಷಿಣ ಅಮೆರಿಕದ ಚಿಲಿ ದೇಶದ ಅಯೋಡಿನ್ ಗಣಿಗಳನ್ನು. ಅಷ್ಟು ದೂರದ ಗಣಿ ಏಕೆಂದರೆ, ಅಲ್ಲಿನ ಉತ್ಪನ್ನ ನಮ್ಮ ನಿಮ್ಮೆಲ್ಲರ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿದೆ.

ವಯಸ್ಕನೊಬ್ಬನಿಗೆ ದಿನವೊಂದಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಗ್ರಾಮೊಂದನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 150 ಪಾಲು, ಅಷ್ಟೇ. ಗರ್ಭಿಣಿಗೆ ಇನ್ನೂ ನೂರು ಮೈಕ್ರೋಗ್ರಾಂ ಅಧಿಕ ಬೇಕು. ಇಷ್ಟು ಅತ್ಯಲ್ಪವಾದುದು ದೊರೆಯದೇ ಹೋದರೆ ಕತ್ತಿನ ಥೈರಾಯ್ಡ್ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಅದಕ್ಕಿಂತಲೂ ಘೋರವಾದುದು, ತಾಯಿಯ ಗರ್ಭದಲ್ಲಿರುವ ಶಿಶುವಿನ ಮೆದುಳು ಪೂರ್ಣವಾಗಿ ಬೆಳೆಯದು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತವರ ಸಹೋದ್ಯೋಗಿಗಳು 1956ರಲ್ಲಿ ಆರಂಭಿಸಿದ ದೀರ್ಘ ಅಧ್ಯಯನವು ಉಪ್ಪಿಗೆ ಅಯೋಡಿನ್ ಬೆರೆಸುವುದರಿಂದ ಈ ವ್ಯಾಧಿ ತಗ್ಗುವುದೆಂದು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಗಳಗಂಡ ಹಿಮಾಲಯದವರ ವ್ಯಾಧಿಯೆಂದು ನಾವು ಬಹುಕಾಲ ಭಾವಿಸಿದ್ದೆವು. ಸಮೀಕ್ಷೆ ನಡೆದಾಗ ನಮ್ಮ ಕೊಡಗು, ಚಿಕ್ಕಮಗಳೂರುಗಳೂ ಆ ಪಟ್ಟಿಯಲ್ಲಿ ಕಾಣಿಸಿಕೊಂಡವು. ಮಳೆ ಅಧಿಕವಾದೆಡೆ ಮಣ್ಣಿನ ಅಯೋಡಿನ್ ತೊಳೆದುಹೋಗುವುದಷ್ಟೆ. ಭಾರತದಲ್ಲಿ ಅಯೋಡಿನ್ ಗಣಿಯಿಲ್ಲ. ಉಪ್ಪಿಗೆ ಬೆರೆಸುವ ಪೊಟ್ಯಾಸಿಯಂ ಅಯೋಡೇಟಿನ ಮೂಲದ್ರವ್ಯ ಬಹುತೇಕ ಚಿಲಿ ಮತ್ತು ಜಪಾನುಗಳಿಂದ ಹಡಗೇರಿ ಬರಬೇಕು.

ಜಪಾನಿನವರು ಅದನ್ನು ಭೂಗರ್ಭದ ಉಪ್ಪುನೀರಿನಿಂದ ತೆಗೆಯುತ್ತಾರೆ. ಚಿಲಿಯಲ್ಲಿ ಮಾತ್ರ ಅದು ಕಲ್ಲಿನಲ್ಲಿದೆ, ಮತ್ತು ಪ್ರಪಂಚದ ಅಯೋಡಿನ್ ಉತ್ಪಾದನೆಯ ಅರ್ಧಕ್ಕೂ ಮಿಕ್ಕ ಪಾಲು ಅಲ್ಲಿಂದಲೇ ಬರುತ್ತದೆ. ಉತ್ತರ ಚಿಲಿಯ ಅಟಕಾಮಾ ಭೂಮಿಯ ಮೇಲಿನ ಅತ್ಯಂತ ಶುಷ್ಕ ಮರುಭೂಮಿಗಳಲ್ಲೊಂದು. ಮಳೆಯೇ ಕಾಣದೆ ವರ್ಷಗಳು ಉರುಳುವ ತಾಣಗಳು ಅಲ್ಲಿವೆ. ಮೇಲ್ಮಣ್ಣನ್ನು ಸರಿಸಿದರೆ ಒಂದೆರಡು ಮೀಟರು ದಪ್ಪದ, ಸಿಮೆಂಟಿನಂತೆ ಬಿಗಿದ ಪದರವೊಂದು ಸಿಗುತ್ತದೆ. ಅದಕ್ಕೆ ಕಲೀಚೆ ಎಂದು ಹೆಸರು. ಸೋಡಿಯಂ ನೈಟ್ರೇಟ್, ಅಡುಗೆಯುಪ್ಪು, ಹಲಬಗೆಯ ಸಲ್ಫೇಟುಗಳು ಅದರಲ್ಲಿ ಬೆರೆತಿವೆ. ಅಯೋಡಿನ್ ಮಾತ್ರ ಟನ್ನೊಂದಕ್ಕೆ ಸುಮಾರು 400 ಗ್ರಾಂ. ಬೇರೆಡೆ ಒಂದೆರಡು ಮಳೆಗಾಲಗಳಲ್ಲೇ ಕರಗಿ ಕಡಲು ಸೇರಬಹುದಾಗಿದ್ದ ಈ ಲವಣಗಳು, ಮಳೆಯೇ ಇಲ್ಲದ ಕಾರಣ ಲಕ್ಷಾಂತರ ವರ್ಷ ಅಲ್ಲಿಯೇ ಉಳಿದವು. ನಮ್ಮ ಮಲೆನಾಡಿನ ಕೊರತೆಗೂ ಆ ಮರುಭೂಮಿಯ ಸಮೃದ್ಧಿಗೂ ಕಾರಣ ಒಂದೇ. ಇಲ್ಲಿ ಮಳೆ ಬಂತು, ಅಲ್ಲಿ ಬರಲಿಲ್ಲ.

ಅಯೋಡಿನ್ ಎಂಬ ಧಾತುವಿನ ಆವಿಷ್ಕಾರವಾದುದೇ ಮದ್ದುಗುಂಡಿನ ಪೆಟ್ಲುಪ್ಪಿನ ತಯಾರಿಕೆಯಲ್ಲಿ. 1811ರಲ್ಲಿ, ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, ಬರ್ನಾರ್ ಕೂರ್ತ್ವಾ ಎಂಬ ಫ್ರೆಂಚ್ ಉದ್ಯಮಿ ಕಡಲ ಕಳೆಯ ಬೂದಿಗೆ ಗಂಧಕಾಮ್ಲವನ್ನು ಹೆಚ್ಚಾಗಿ ಸುರಿದಾಗ ನೇರಳೆ ಬಣ್ಣದ ಹೊಗೆಯೆದ್ದು, ತಣ್ಣನೆಯ ಮೇಲ್ಮೈಯಲ್ಲಿ ಕಪ್ಪು ಹರಳುಗಳಾಗಿ ಕೂತಿತು. ಗ್ರೀಕ್ ಭಾಷೆಯಲ್ಲಿ ನೇರಳೆಯೆಂದು ಅರ್ಥ ಕೊಡುವ ಪದದಿಂದಲೇ ಅದಕ್ಕೆ ಹೆಸರು ಬಂತು. 19ನೆಯ ಶತಮಾನದ ಮಧ್ಯಭಾಗದಿಂದ ಅಟಕಾಮಾದ ಕಲೀಚೆಯಿಂದ ಅಯೋಡಿನ್ ತೆಗೆಯತೊಡಗಿದರು. ಆಗ ಅದು ಉಪೋತ್ಪನ್ನ ಮಾತ್ರ. ಯೂರೋಪಿನ ಹೊಲಗಳಿಗೂ ಮದ್ದಿನ ಕಾರ್ಖಾನೆಗಳಿಗೂ ಬೇಕಾಗಿದ್ದುದು ನೈಟ್ರೇಟ್. ಅದಕ್ಕಾಗಿಯೇ ಚಿಲಿಯು 1879ರಲ್ಲಿ ಆರಂಭವಾದ ಯುದ್ಧದಲ್ಲಿ ಪೆರು ಮತ್ತು ಬೊಲಿವಿಯಾಗಳಿಂದ ಈ ಭೂಭಾಗಗಳನ್ನು ಕಸಿದುಕೊಂಡಿತು.

ಅಂದಿನ ಸಂಸ್ಕರಣೆಯ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಜೇಮ್ಸ್ ಹಂಬರ್ಸ್ಟೋನ್ ಎಂಬ ಆಂಗ್ಲ ರಸಾಯನ ತಜ್ಞ 1870ರ ದಶಕದಲ್ಲಿ ಅಲ್ಲಿಗೆ ತಂದ ಶಾಂಕ್ಸ್ ವಿಧಾನದಲ್ಲಿ, ಒಡೆದ ಕಲೀಚೆಯನ್ನು ಬೃಹತ್ ಕಬ್ಬಿಣದ ತೊಟ್ಟಿಗಳಲ್ಲಿ ತುಂಬಿ, ಉಗಿಯ ಕೊಳವೆಗಳಿಂದ ಕುದಿಸುತ್ತಿದ್ದರು. ನೈಟ್ರೇಟ್ ಹರಳುಗಟ್ಟಿದ ಬಳಿಕ ಉಳಿಯುವ ನೀರಿಗೆ 'ಹಳೆಯ ನೀರು' ಎಂದು ಕರೆಯುತ್ತಿದ್ದರು. ಅಯೋಡಿನ್ ಅದರಲ್ಲಿ ಸೇರಿಕೊಂಡಿರುತ್ತಿತ್ತು. ಅದನ್ನು ಬೇರ್ಪಡಿಸಿ, ಮರದ ಪುಟ್ಟ ಪೀಪಾಯಿಗಳಲ್ಲಿ ತುಂಬಿ, ಹೊರಗೆ ಹಸಿ ತೊಗಲನ್ನು ಬಿಗಿದು ಹಡಗೇರಿಸುತ್ತಿದ್ದರು. ಕುದಿಯುವ ತೊಟ್ಟಿಗಳ ಅಂಚಿನಲ್ಲಿಯೇ ಕೆಲಸಗಾರರ ನಡೆದಾಟ. ಕಾಲು ಜಾರಿದವನ ಗತಿ ಹೇಳಬೇಕಾಗಿಲ್ಲ.

1907ರ ಡಿಸೆಂಬರ್‌ನಲ್ಲಿ ಸಾವಿರಾರು ನೈಟ್ರೇಟ್ ಕಾರ್ಮಿಕರು, ಹಲವರು ಮಡದಿ ಮಕ್ಕಳೊಡನೆ, ಮರುಭೂಮಿಯನ್ನು ದಾಟಿ ಇಕೀಕೆ ಬಂದರಿಗೆ ಇಳಿದುಬಂದರು. ಅವರು ಸಲ್ಲಿಸಿದ ಮನವಿಯನ್ನು ಪರಿಶೀಲಿಸಿದರೆ ಬೇಡಿಕೆಗಳ ಮಿತವ್ಯಯ ಅಚ್ಚರಿ ಹುಟ್ಟಿಸುತ್ತದೆ. ಕಂಪನಿಯ ಅಂಗಡಿಯಲ್ಲಿ ಮಾತ್ರ ಚಲಾವಣೆಯಾಗುವ ಬಿಲ್ಲೆಗಳ ಬದಲು ಸ್ಥಿರ ಬೆಲೆಯುಳ್ಳ ಹಣದಲ್ಲಿ ಕೂಲಿ ಕೊಡಿ. ಅಂಗಡಿಯ ಹೊರಗೆ ಒಂದು ತಕ್ಕಡಿ, ಒಂದು ಅಳತೆಗೋಲು ಇಡಿ. ಸಂಜೆ ಓದಲು ಒಂದು ಶಾಲೆಯ ಸ್ಥಳ ಕೊಡಿ. ಕುದಿಯುವ ತೊಟ್ಟಿಗಳಿಗೆ ಕಬ್ಬಿಣದ ಸರಳುಗಳ ಜಾಲರಿ ಹೊದಿಸಿ. ಡಿಸೆಂಬರ್ 21ರಂದು, ಕ್ರಿಸ್ತಜಯಂತಿಗೆ ನಾಲ್ಕು ದಿನ ಉಳಿದಿರುವಾಗ, ಅವರು ತಂಗಿದ್ದ ಸಾಂತಾ ಮರಿಯಾ ಶಾಲೆಯ ಮೇಲೆ ಸೇನೆ ಗುಂಡು ಹಾರಿಸಿತು. ಮಡಿದವರೆಷ್ಟು ಮಂದಿ ಎಂಬುದು ಇಂದಿಗೂ ವಿವಾದಗ್ರಸ್ತ. ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ಹದಿಮೂರನೆಯ ಲಿಯೋ ಜಗದ್ಗುರುಗಳ ವಿಶ್ವಪತ್ರ ಪ್ರಕಟವಾಗಿ ಆ ವೇಳೆಗೆ ಹದಿನಾರು ವರ್ಷಗಳಾಗಿದ್ದವು. ಚಿಲಿ ಕಥೋಲಿಕ ದೇಶವಾಗಿತ್ತು. ಒಂದು ಜಾಲರಿಯ ಬೆಲೆ ಎಷ್ಟಿದ್ದೀತು?

ಆ ಬಳಿಕ ಗಾಳಿಯಿಂದಲೇ ನೈಟ್ರೋಜನ್ ಹಿಡಿದು ಗೊಬ್ಬರ ಮಾಡುವ ವಿಧಾನವನ್ನು ಜರ್ಮನರು ಕಂಡುಹಿಡಿದರು. 1913ರಲ್ಲಿ ಅದರ ಮೊದಲ ಕಾರ್ಖಾನೆ ಆರಂಭವಾಗಿ, ಕೆಲವೇ ದಶಕಗಳಲ್ಲಿ ಅಟಕಾಮಾದ ನೈಟ್ರೇಟ್ ಉದ್ಯಮ ಕುಸಿಯಿತು. ಊರಿಗೆ ಊರೇ ಬರಿದಾದವು. ಹಂಬರ್ಸ್ಟೋನ್ ಹೆಸರನ್ನೇ ಹೊತ್ತ ಕಾರ್ಖಾನೆ ಪಟ್ಟಣ 1960ರಲ್ಲಿ ಮುಚ್ಚಿತು. 2005ರಲ್ಲಿ ಯುನೆಸ್ಕೋ ಅದನ್ನು ನೆರೆಯ ಸಾಂತಾ ಲಾರಾದೊಡನೆ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಆದರೆ ಉಪೋತ್ಪನ್ನವಾಗಿದ್ದ ಅಯೋಡಿನ್ ಉಳಿದುಕೊಂಡಿತು, ಉಳಿದುದು ಮಾತ್ರವಲ್ಲ, ಹಲವು ಗಣಿಗಳಿಗೆ ಮುಖ್ಯ ಉತ್ಪನ್ನವೇ ಆಯಿತು. ಸಿ.ಟಿ. ಸ್ಕ್ಯಾನ್ ಮಾಡುವ ಮುನ್ನ ರೋಗಿಯ ರಕ್ತನಾಳಕ್ಕೆ ಕೊಡುವ ದ್ರವ, ಗಾಯ ತೊಳೆಯುವ ಔಷಧ, ದೂರದರ್ಶನದ ಚಪ್ಪಟೆ ಪರದೆ, ಇವಕ್ಕೆಲ್ಲ ಅದು ಬೇಕು. ನಿಜ ಹೇಳಬೇಕೆಂದರೆ ಉಪ್ಪಿಗೆ ಸಲ್ಲುವುದು ಅದರ ಒಂದು ಸಣ್ಣ ಪಾಲು ಮಾತ್ರ. ಹಿಂದಿನವರು ಕುದಿಸಿ ಎಸೆದ ಚರಟದ ಗುಡ್ಡಗಳನ್ನೇ ಮತ್ತೆ ನೀರೂಡಿಸಿ ಅಯೋಡಿನ್ ತೆಗೆಯುವವರೂ ಉಂಟು.

ಈಗಿನ ವಿಧಾನವನ್ನು ತಿಳಿಯಲು ನಮ್ಮ ಗೃಹಿಣಿಯರಿಗೆ ಯಾವ ಕಷ್ಟವೂ ಇಲ್ಲ, ಏಕೆಂದರೆ ಅದು ಕಾಫಿ ಫಿಲ್ಟರಿನ ತತ್ತ್ವ. ಕಲೀಚೆಯನ್ನು ಸಿಡಿಮದ್ದಿನಿಂದ ಒಡೆದು ತಂದು, ನೀರಿಂಗದ ಪ್ಲಾಸ್ಟಿಕ್ ಹಾಸಿನ ಮೇಲೆ ಗುಡ್ಡದಂತೆ ರಾಶಿ ಹಾಕುತ್ತಾರೆ. ಮೇಲಿನಿಂದ ತೊಟ್ಟಿಕ್ಕುವ ಕೊಳವೆಗಳಲ್ಲಿ ನೀರೂಡಿಸುತ್ತಾರೆ. ನೀರು ಇಳಿಯುತ್ತ ಲವಣಗಳನ್ನು ಕರಗಿಸಿಕೊಂಡು ತಳದಲ್ಲಿ ಡಿಕಾಕ್ಷನ್ನಿನಂತೆ ಬಸಿಯುತ್ತದೆ. ಅದರಲ್ಲಿ ಅಯೋಡಿನ್ ಇರುವುದು ಅಯೋಡೇಟ್ ರೂಪದಲ್ಲಿ. ಅದನ್ನು ಬೇರ್ಪಡಿಸುವ ಉಪಾಯ ಸೊಗಸಾದುದು. ಬಸಿದ ದ್ರವವನ್ನು ಆರು ಪಾಲೆಂದು ಭಾವಿಸೋಣ. ಐದು ಪಾಲನ್ನು ಗೋಪುರವೊಂದರಲ್ಲಿ, ಗಂಧಕವನ್ನು ಉರಿಸಿದಾಗ ಬರುವ ಅನಿಲದೊಡನೆ ಸಂಧಿಸುವಂತೆ ಮಾಡಿದರೆ ಅಯೋಡೇಟ್ ಅಯೋಡೈಡ್ ಆಗಿ ಮಾರ್ಪಡುತ್ತದೆ. ಉಳಿದ ಒಂದು ಪಾಲನ್ನು ಹಾಗೆಯೇ ತಂದು ಇದರೊಡನೆ ಬೆರೆಸಿದರೆ, ಆಮ್ಲದ ಸಮಕ್ಷಮದಲ್ಲಿ ಅಯೋಡೇಟ್ ಮತ್ತು ಅಯೋಡೈಡ್ ಪರಸ್ಪರ ವರ್ತಿಸಿ ಎರಡೂ ಶುದ್ಧ ಅಯೋಡಿನ್ ಆಗಿ ಹೊರಬೀಳುತ್ತವೆ. ಕೆಲವೆಡೆ ಅದನ್ನು ಸೀಮೆಎಣ್ಣೆಯಲ್ಲಿ ಕರಗಿಸಿ ಸೆಳೆಯುತ್ತಾರೆ, ಕೆಲವೆಡೆ ಗಾಳಿಯೂದಿ ಹಾರಿಸಿ ಹಿಡಿಯುತ್ತಾರೆ. ಕೊನೆಗೆ ಸುಮಾರು 114 ಡಿಗ್ರಿ ಶಾಖದಲ್ಲಿ ಕರಗಿಸಿ, ಸಾಸಿವೆ ಮೆಣಸುಗಳ ಗಾತ್ರದ ಕಪ್ಪು ಗುಂಡುಗಳನ್ನಾಗಿ ಮಾಡಿ ಡ್ರಮ್ಮುಗಳಲ್ಲಿ ತುಂಬುತ್ತಾರೆ.

ಲೆಕ್ಕ ಹಾಕಿದರೆ, ಒಂದು ಕಿಲೋ ಅಯೋಡಿನ್ ಸುಮಾರು 18,000 ಮಂದಿಯ ಒಂದು ವರ್ಷದ ಅಗತ್ಯವನ್ನು ಪೂರೈಸಬಲ್ಲುದು. ಕಲ್ಲಿನಲ್ಲಿರುವ 400 ಗ್ರಾಮಿನಲ್ಲಿ ಎಷ್ಟು ಕೈಗೆ ಬಂತು, ಎಷ್ಟು ಚರಟದೊಡನೆ ಹೋಯಿತು ಎಂಬುದು ಆದುದರಿಂದ ಸಣ್ಣ ಪ್ರಶ್ನೆಯಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿಯೇ ನಮಗೆ ಅರಿಸ್ಟಾಟಲನ ಒಂದು ವಿವೇಚನೆಯನ್ನು ಕಲಿಸುತ್ತಿದ್ದರು. ಬೀಜದಲ್ಲಿ ಮರವಿರುವುದು ಶಕ್ಯತೆಯಾಗಿ, ವಾಸ್ತವವಾಗಿ ಅಲ್ಲ. ಶಕ್ಯತೆ ತಾನಾಗಿಯೇ ವಾಸ್ತವವಾಗದು. ಅದನ್ನು ಹಾಗೆ ಮಾಡಲು ಈಗಾಗಲೇ ವಾಸ್ತವದಲ್ಲಿರುವ ಯಾವುದೋ ಒಂದು ಬೇಕು. ನಕ್ಷೆಯಲ್ಲಿರುವ ಸ್ಥಾವರವೂ, ಕಟ್ಟಿ ನಿಲ್ಲಿಸಿದ ಸ್ಥಾವರವೂ, ಈ ದೃಷ್ಟಿಯಲ್ಲಿ ಶಕ್ಯತೆಗಳೇ. 'ವರ್ಷಕ್ಕೆ ಇಷ್ಟು ಟನ್' ಎಂದು ಫಲಕದ ಮೇಲೆ ಬರೆದ ಮಾತ್ರಕ್ಕೆ ಅಷ್ಟು ಟನ್ ಬರುವುದಿಲ್ಲ. ಬೇಕಾದ ಆ 'ಒಂದು' ಯಾವುದೆಂದು ಪರೀಕ್ಷಾರ್ಥಿಯಾಗಿದ್ದಾಗ ಕೇಳಿದ್ದರೆ ಗ್ರಂಥಸ್ಥ ಉತ್ತರವನ್ನೇ ಒಪ್ಪಿಸುತ್ತಿದ್ದೆವು. ಈಗ ಕೇಳಿದರೆ, ಮೂರನೆಯ ಪಾಳಿಯಲ್ಲಿ ಕವಾಟದ ಬಳಿ ನಿಂತಿರುವ ಕೆಲಸಗಾರನ ತಿಳುವಳಿಕೆ ಎನ್ನುತ್ತೇವೆ.

ಚಾಲನೆಯ ಮೊದಲ ಹಂತ ತೀರ ಶುಷ್ಕವಾದುದು. ನಕ್ಷೆಯನ್ನು ಕೈಯಲ್ಲಿ ಹಿಡಿದು ಬೋಲ್ಟು, ಕೊಳವೆ, ತಂತಿಗಳನ್ನು ಒಂದೊಂದಾಗಿ ತಪಾಸಣೆ ಮಾಡುವುದು. ತಂತಿ ಅದಲುಬದಲಾದ ಮೋಟಾರು ಹಿಮ್ಮುಖವಾಗಿ ತಿರುಗುವುದು ಸರ್ವೇಸಾಮಾನ್ಯ. ಬಾಕಿ ಕೆಲಸಗಳ ಪಟ್ಟಿ ಸಾವಿರಾರು ಸಾಲುಗಳಿಗೆ ಬೆಳೆಯುತ್ತದೆ. ಎರಡನೆಯ ಹಂತದಲ್ಲಿ ಬರಿಯ ನೀರನ್ನು ಹಾಯಿಸಿ ಸೋರಿಕೆ ಹುಡುಕುತ್ತಾರೆ, ಪಂಪುಗಳನ್ನು ಓಡಿಸುತ್ತಾರೆ, ಅಪಾಯದ ಗಂಟೆ ಬಾರಿಸಬೇಕಾದಲ್ಲಿ ಬಾರಿಸುತ್ತದೆಯೋ ಎಂದು ನೋಡುತ್ತಾರೆ. ಅಟಕಾಮಾದಲ್ಲಿ ಹೀಗೆ ಪರೀಕ್ಷೆಗೆ ಚೆಲ್ಲುವ ನೀರಿಗೂ ಲೆಕ್ಕ ಇಡಬೇಕು. ಮೂರನೆಯ ಹಂತದಲ್ಲಿ ನಿಜವಾದ ದ್ರವ, ನಿಜವಾದ ಗಂಧಕ, ನಿಜವಾದ ಆಮ್ಲ. ನಕ್ಷೆಗೂ ನೆಲಕ್ಕೂ ಜಗಳ ಆರಂಭವಾಗುವುದು ಇಲ್ಲಿ.

ಮೊದಲನೆಯದಾಗಿ, ರಾಶಿ ಯಾರ ಆಜ್ಞೆಯನ್ನೂ ಪಾಲಿಸದು. ಇಂದು ಮೇಲೆ ಸುರಿದ ನೀರು ತಳದಲ್ಲಿ ಸರಿಯಾದ ಹದದಲ್ಲಿ ಕಾಣಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಗಣ್ಯರಿಗೆ ಕೊಟ್ಟ ದಿನಾಂಕ ಅದಕ್ಕೆ ತಿಳಿಯದು. ಕಾಫಿಪುಡಿ ತೀರ ನುಣ್ಣಗಾದರೆ ಫಿಲ್ಟರು ಕಟ್ಟಿಕೊಳ್ಳುವಂತೆ, ಜೇಡಿ ಹೆಚ್ಚಿರುವ ಕಲೀಚೆಯಲ್ಲಿ ನೀರು ನಿಂತುಬಿಡುತ್ತದೆ, ಇಲ್ಲವೇ ಒಂದೇ ಬಿರುಕನ್ನು ಹಿಡಿದು ಓಡಿ ಉಳಿದ ಕಲ್ಲನ್ನು ಒಣಗಿಯೇ ಬಿಡುತ್ತದೆ. ಅಲ್ಲದೆ ಈ ಕಲ್ಲಿನ ಗಣನೀಯ ಭಾಗ ಲವಣವೇ ಆದುದರಿಂದ, ಕರಗಿದಂತೆಲ್ಲ ರಾಶಿ ಕುಸಿದು ಮೇಲಿನ ಕೊಳವೆಗಳು ವಕ್ರವಾಗುತ್ತವೆ.

ಎರಡನೆಯದು ಚಳಿ. ಮರುಭೂಮಿಯಲ್ಲಿ ಹಗಲು ಸುಡುವಂತಿದ್ದರೂ ಇರುಳು ಕೊರೆಯುತ್ತದೆ. ಹಗಲು ಕರಗಿದ್ದ ಸೋಡಿಯಂ ಸಲ್ಫೇಟ್ ಇರುಳಿನಲ್ಲಿ ಹರಳುಗಟ್ಟಿ ಕೊಳವೆಯ ಬಾಯಿ ಮುಚ್ಚುತ್ತದೆ. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಇರುಳೆಂಬುದಿಲ್ಲವಷ್ಟೆ.

ಮೂರನೆಯದು ಆ ಐದು ಪಾಲು, ಒಂದು ಪಾಲಿನ ತೂಗು. ಬಸಿದ ದ್ರವದ ಸಾಂದ್ರತೆ ಗಂಟೆಗಂಟೆಗೆ ಬದಲಾಗುತ್ತಿರುತ್ತದೆ. ಗಂಧಕದ ಅನಿಲ ಕಡಿಮೆಯಾದರೆ ಅಯೋಡಿನ್ ಕಾಲಕ್ಕೆ ಮೊದಲೇ ಗೋಪುರದೊಳಗೆ ಹುಟ್ಟಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಹೆಚ್ಚಾದರೆ ಮುಂದಿನ ತೊಟ್ಟಿಯಲ್ಲಿ ಅಯೋಡಿನ್ ಹುಟ್ಟುವುದೇ ಇಲ್ಲ. ಸೀಮೆಎಣ್ಣೆಯ ಹಂತದಲ್ಲಿ ನುಣ್ಣನೆಯ ಮಣ್ಣಿನ ಕಣಗಳು ಸೇರಿದರೆ ಎಣ್ಣೆಗೂ ನೀರಿಗೂ ನಡುವೆ ಕೆನೆಯಂಥ ರೊಚ್ಚು ಬೆಳೆದು, ಎರಡೂ ಬೇರ್ಪಡದಂತೆ ಮಾಡುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಅಯೋಡಿನ್ ಉಕ್ಕನ್ನು ತಿನ್ನುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಉಕ್ಕಿಗೂ ಉಳಿಗಾಲವಿಲ್ಲ. ಗಾಜಿನ ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್, ರಬ್ಬರಿನ ಒಳಪದರ, ತೀರ ಅನಿವಾರ್ಯವಾದಲ್ಲಿ ಟೈಟೇನಿಯಂ. ಸಾವಿರ ಜೋಡಣೆಗಳ ನಡುವೆ ಒಂದೇ ಒಂದು ತಪ್ಪು ವಾಷರು ಸೇರಿಕೊಂಡಿದ್ದರೂ ನೇರಳೆ ಹೊಗೆಯೇ ಬಂದು ಅದರ ಸುಳಿವು ಕೊಡುತ್ತದೆ. ನೋಡಲು ಚೆಲುವಾದ ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಉರಿ.

ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಉತ್ತಮಪಡಿಸುವುದು ಕಠಿಣ. ಮದುವೆಯ ಮನೆಯಲ್ಲಿ ಅಡುಗೆ ನಡೆಯುತ್ತಿರುವಾಗಲೇ ಒಲೆಯನ್ನು ಕಿತ್ತು ಹೊಸ ಒಲೆ ಹೂಡುವಂಥದದು. ಆಂತೊಫಗಾಸ್ತಾ ಪ್ರಾಂತದ ಆಗ್ವಾಸ್ ಬ್ಲಾಂಕಾಸ್ ಎಂಬ ಗಣಿಯ ಕಥೆ ಇದಕ್ಕೊಂದು ನಿದರ್ಶನ. ಹಳೆಯ ನೈಟ್ರೇಟ್ ಸೀಮೆಯಲ್ಲಿರುವ ಈ ಗಣಿಯಲ್ಲಿ ಮೊದಲಿಗೆ ರಾಶಿಗೆ ನೀರೂಡಿಸುವ ವಿಧಾನವೇ ಇತ್ತು. ಆ ವಿಧಾನದಲ್ಲಿ ಕಲ್ಲಿನ ಅಯೋಡಿನ್ನಿನ ದೊಡ್ಡದೊಂದು ಪಾಲು ರಾಶಿಯಲ್ಲಿಯೇ ಉಳಿದುಬಿಡುತ್ತದೆ. ಕಲ್ಲನ್ನು ಅರೆದು, ತೊಟ್ಟಿಗಳಲ್ಲಿ ನೀರಿನೊಡನೆ ಕಡೆದು ಕರಗಿಸುವ ಸ್ಥಾವರವೊಂದನ್ನು 2010ರ ದಶಕದ ಆರಂಭದಲ್ಲಿ ಅಲ್ಲಿ ಸೇರಿಸಲಾಯಿತು. ಮೊಸರು ಕಡೆದರೆ ಬೆಣ್ಣೆ ಹೆಚ್ಚು, ನಿಜ. ಆದರೆ ಕಡೆಯಲು ತೋಳಬಲವೂ ಬೇಕು, ಕಡೆದ ಮೇಲೆ ಮಜ್ಜಿಗೆಯನ್ನು ಬೇರ್ಪಡಿಸುವ ಶ್ರಮವೂ ಇದೆ. ಅರೆದ ಕಲ್ಲಿನ ಕೆಸರಿನಿಂದ ಅಮೂಲ್ಯವಾದ ದ್ರವವನ್ನು ಹಿಂಡಿ ತೆಗೆಯುವುದೇ ಇಂಥ ಸ್ಥಾವರಗಳ ಮುಖ್ಯ ತೊಡಕು.

ಕಾಲವೂ ಕಾಯುವುದಿಲ್ಲ. ಅಯೋಡಿನ್ನಿನ ಬೆಲೆ 2012ರ ಸುಮಾರಿಗೆ ಕಿಲೋಗೆ 50 ಡಾಲರನ್ನು ದಾಟಿತ್ತು. 2016ರ ವೇಳೆಗೆ ಅದರ ಅರ್ಧದಷ್ಟಕ್ಕೆ ಇಳಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಎತ್ತಿ ಕಟ್ಟಿದ ಸ್ಥಾವರ ಪೂರ್ಣ ಸಾಮರ್ಥ್ಯಕ್ಕೆ ಬರುವಷ್ಟರಲ್ಲಿ ಬೆಲೆ ಇಳಿದಿರುತ್ತದೆ. ಆಗ್ವಾಸ್ ಬ್ಲಾಂಕಾಸ್ ಗಣಿಯನ್ನು ಹೊಂದಿದ್ದ ಸಂಸ್ಥೆ 2014ರ ಆರಂಭದಲ್ಲಿ ಕೆನಡಾದ ಲಿಥಿಯಂ ಸಂಸ್ಥೆಯೊಂದರೊಡನೆ ವಿಲೀನವಾಯಿತು. ಆ ಲಿಥಿಯಂ ಸ್ಥಾವರವೂ ಆಗ ಚಾಲನೆಯ ಹಂತದಲ್ಲಿಯೇ ತಡವರಿಸುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಲೀನಗೊಂಡ ಸಂಸ್ಥೆ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಒಂದು ಬೀಜ ಮೊಳೆಯುವ ಮುನ್ನವೇ ಇನ್ನೊಂದು ಬೀಜಕ್ಕೆ ಆಸರೆಯಾಗಬೇಕೆಂದು ನಿರೀಕ್ಷಿಸಿದಂತಾಯಿತು.

ಅವಸರದ ಹಾನಿ ಹಣದಲ್ಲಿಯೇ ನಿಂತರೆ ಚಿಂತೆಯಿಲ್ಲ. ಸ್ಥಾವರಗಳಲ್ಲಿ ಅಪಾಯದ ಸಂದರ್ಭದಲ್ಲಿ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ಏರ್ಪಾಡುಗಳಿರುತ್ತವೆ. ಪರೀಕ್ಷಾ ಕಾಲದಲ್ಲಿ ಅವು ಮತ್ತೆ ಮತ್ತೆ ಅಡ್ಡಬರುವುದರಿಂದ, ತಂತಿಯೊಂದನ್ನು ಜೋಡಿಸಿ ಅವನ್ನು ತಾತ್ಕಾಲಿಕವಾಗಿ ಮೂಕಗೊಳಿಸುವ ರೂಢಿಯುಂಟು. ತಾತ್ಕಾಲಿಕವೆಂದು ಮಾಡಿದ್ದು ಪಾಳಿ ಬದಲಾದಾಗ ಮರೆತುಹೋಗುತ್ತದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣ ಕೇಂದ್ರದಲ್ಲಿ 15 ಮಂದಿ ಮಡಿದುದು, ದುರಸ್ತಿಗಾಗಿ ನಿಲ್ಲಿಸಿದ್ದ ಘಟಕವೊಂದನ್ನು ಮತ್ತೆ ಚಾಲನೆಗೊಳಿಸುವ ಹೊತ್ತಿನಲ್ಲಿ; ಗೋಪುರದಲ್ಲಿ ದ್ರವ ಮಿತಿಮೀರಿ ಏರಿದಾಗ ಎಚ್ಚರಿಸಬೇಕಾಗಿದ್ದ ಗಂಟೆ ಬಾರಿಸಿರಲಿಲ್ಲ. ದೂರದ ಊರಿನಲ್ಲಿ ಮಗನಿರುವ ತಂದೆತಾಯಿಗಳು ಸಂಬಳವೆಷ್ಟು, ಊಟ ಹೇಗೆ ಎಂದು ಕೇಳುತ್ತಾರೆ. ಯಂತ್ರವನ್ನು ರಿಪೇರಿ ಮಾಡುವಾಗ ಅದರ ಸ್ವಿಚ್ಚಿಗೆ ನಿನ್ನದೇ ಬೀಗ ಹಾಕಿ ಬೀಗದ ಕೈಯನ್ನು ನಿನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತೀಯೋ ಎಂದೂ ಕೇಳಬೇಕು. ಒಳ್ಳೆಯ ಸ್ಥಾವರಗಳಲ್ಲಿ ಅದು ನಿಯಮ: ಹತ್ತು ಮಂದಿ ಕೆಲಸ ಮಾಡುತ್ತಿದ್ದರೆ ಹತ್ತು ಬೀಗ, ಹಾಕಿದವನೇ ತೆಗೆಯಬೇಕು, ಮೇಲಧಿಕಾರಿಗೂ ಅವಕಾಶವಿಲ್ಲ. 1907ರ ಮನವಿಯಲ್ಲಿ ಕೇಳಿದ್ದ ಜಾಲರಿಯ ಇಂದಿನ ರೂಪ ಈ ಬೀಗ. ಅದನ್ನು ಬಿಟ್ಟು ಕೆಲಸ ಮಾಡೆಂದು ಯಾರಾದರೂ ಅವಸರಪಡಿಸಿದರೆ ಒಲ್ಲೆನೆನ್ನುವ ಧೈರ್ಯವನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಬೇಕು. ಅದು ಅವಿಧೇಯತೆಯಲ್ಲ.

ಹಳೆಯ ಸ್ಥಾವರವನ್ನು ಬದಲಿಸುವಾಗ ಇನ್ನೊಂದು ಸತ್ಯ ಹೊರಬೀಳುತ್ತದೆ. ಕಚೇರಿಯ ನಕ್ಷೆಯಲ್ಲಿರುವ ಕೊಳವೆ ನೆಲದಲ್ಲಿರುವುದಿಲ್ಲ, ನೆಲದಲ್ಲಿರುವುದು ನಕ್ಷೆಯಲ್ಲಿರುವುದಿಲ್ಲ. ಯಾವ ಕವಾಟವನ್ನು ತಿರುಗಿಸಿದರೆ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಇಪ್ಪತ್ತು ವರ್ಷ ಅಲ್ಲಿಯೇ ದುಡಿದವನಿಗೆ ಮಾತ್ರ ಗೊತ್ತು. ಹೊಸ ಯಂತ್ರ ಬಂದಾಗ ಮೊದಲು ಮನೆಗೆ ಕಳುಹಿಸಲಾಗುವುದೂ ಬಹುತೇಕ ಅಂಥವನನ್ನೇ.

ನೀರಿನ ವಿಷಯವನ್ನೂ ಹೇಳದೆ ಮುಂದೆ ಹೋಗಲಾಗದು. ಅಯೋಡಿನ್ ಉಳಿದುದೇ ಮಳೆಯಿಲ್ಲದ ಕಾರಣ. ಅದನ್ನು ತೆಗೆಯಲು ಬೇಕಾಗಿರುವುದು ನೀರೇ. ತರಪಾಕಾ ಪ್ರಾಂತದ ತಮರುಗಾಲ್ ಬಯಲಿನಲ್ಲಿ ತಮರುಗೋ ಎಂಬ ಜಾಲಿಯ ಜಾತಿಯ ಮರಗಳು ಉಪ್ಪಿನ ನೆಲದಲ್ಲಿ, ಕೇವಲ ಅಂತರ್ಜಲವನ್ನು ಆಶ್ರಯಿಸಿ ಬದುಕುತ್ತವೆ. ಕೊಳವೆಬಾವಿಗಳು ಆ ಜಲವನ್ನು ಎತ್ತಿದಂತೆಲ್ಲ ಮಟ್ಟ ಇಳಿದು, ಮರಗಳೂ ಅವುಗಳ ಆಸುಪಾಸಿನ ಕುರಿಗಾಹಿಗಳೂ ಸಂಕಟಕ್ಕೆ ಸಿಲುಕುತ್ತಾರೆಂಬ ಕಳವಳ ಅಲ್ಲಿ ಬಹುಕಾಲದಿಂದ ಇದೆ. ಕೆಲವು ಗಣಿಗಳು ಈಗ ಪೆಸಿಫಿಕ್ ಕಡಲಿನ ನೀರನ್ನೇ ಕೊಳವೆಗಳಲ್ಲಿ ಮರುಭೂಮಿಗೆ ಏರಿಸಿ ರಾಶಿಗೆ ಊಡಿಸುತ್ತಿವೆ. ಸಿಹಿನೀರಿಗೆಂದು ಕಟ್ಟಿದ ಸ್ಥಾವರಕ್ಕೆ ಉಪ್ಪುನೀರು ಬಂದಾಗ ಪಂಪು, ಕೊಳವೆ, ಲೆಕ್ಕಾಚಾರಗಳೆಲ್ಲ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಖರ್ಚು ಅಧಿಕವಾದರೂ ಇದೇ ನ್ಯಾಯವಾದ ದಾರಿಯೆಂದು ನಮಗೆ ತೋರುತ್ತದೆ.

ಅದೇ ಬಯಲಿನಲ್ಲಿ ಲಾ ತಿರಾನಾ ಎಂಬ ಚಿಕ್ಕ ಗ್ರಾಮವಿದೆ. ಪ್ರತಿವರ್ಷ ಜುಲೈ 16ರಂದು ಕಾರ್ಮೆಲ್ ಮಾತೆಯ ಹಬ್ಬಕ್ಕೆ ಉತ್ತರ ಚಿಲಿಯ ಮೂಲೆಮೂಲೆಗಳಿಂದ ನೃತ್ಯ ಮಂಡಳಿಗಳು ಅಲ್ಲಿಗೆ ಬರುತ್ತವೆ. ಇಂಥ ಮಂಡಳಿಗಳಲ್ಲಿ ಅನೇಕವು ಹುಟ್ಟಿದುದು ನೈಟ್ರೇಟ್ ಕಾರ್ಖಾನೆಗಳ ಕಾರ್ಮಿಕರ ನಡುವೆ. ಕಾರ್ಖಾನೆಗಳು ಮುಚ್ಚಿದವು, ಊರುಗಳು ಮರಳಿನ ಪಾಲಾದವು. ಕುಣಿತ ಮೊಮ್ಮಕ್ಕಳ ಕಾಲಿಗೂ ಬಂತು. ಕಂಪನಿಯ ಬಿಲ್ಲೆಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ.

ಇನ್ನು ನಮ್ಮ ಅಡುಗೆಮನೆಗೆ ಮರಳೋಣ. ಗ್ರಾಮಗಳಲ್ಲಿ ಆಶಾ ಕಾರ್ಯಕರ್ತೆಯರು ಉಪ್ಪನ್ನು ಪರೀಕ್ಷಿಸಲು ಪುಟ್ಟ ಸೀಸೆಯೊಂದನ್ನು ತರುವುದುಂಟು. ಚಮಚದಷ್ಟು ಉಪ್ಪಿನ ಮೇಲೆ ಅದರ ಒಂದು ಹನಿ ಬಿಟ್ಟರೆ, ಅಯೋಡಿನ್ ಇರುವ ಉಪ್ಪು ನೇರಳೆ ನೀಲಿಗೆ ತಿರುಗುತ್ತದೆ. ಆ ಸೀಸೆಯಲ್ಲಿರುವುದು ಪಿಷ್ಟದ ನೀರು, ಚೂರು ಆಮ್ಲ, ಚೂರು ಅಯೋಡೈಡ್. ಉಪ್ಪಿನಲ್ಲಿರುವುದು ಅಯೋಡೇಟ್. ಎರಡೂ ಸೇರಿದೊಡನೆ ಶುದ್ಧ ಅಯೋಡಿನ್ ಹುಟ್ಟಿ ಪಿಷ್ಟಕ್ಕೆ ಬಣ್ಣ ಕೊಡುತ್ತದೆ. ಅಟಕಾಮಾದ ತೊಟ್ಟಿಯಲ್ಲಿ ಐದು ಪಾಲಿಗೆ ಒಂದು ಪಾಲು ಬೆರೆತಾಗ ನಡೆಯುವ ಕ್ರಿಯೆಯೇ ಇದು, ಕಿಂಚಿತ್ತೂ ಭೇದವಿಲ್ಲ. ಮುಂದಿನ ಬಾರಿ ಆಕೆ ಮನೆಗೆ ಬಂದಾಗ ಮಕ್ಕಳನ್ನು ಕರೆದು ತೋರಿಸಿ. ಬಣ್ಣ ಬಾರದಿದ್ದರೆ ಅಂಗಡಿಯನ್ನು ಬದಲಿಸಿ. ಬಂದರೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಮುಚ್ಚಿ, ಒಲೆಯ ಬಿಸಿಯಿಂದಲೂ ಮಳೆಗಾಲದ ತೇವದಿಂದಲೂ ದೂರವಿಡಿ. ಸಾಧ್ಯವಾದಷ್ಟೂ ಸಾರು ಕುದಿದು ಇಳಿಸುವ ಹೊತ್ತಿಗೆ ಉಪ್ಪು ಹಾಕಿ.